ನರಸಿಂಹ ಅಂದರೆ ಯಾವ ನರಸಿಂಹ?

ಸಾಲಿಗ್ರಾಮದ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ನಾವು ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆವು. ಹೆದ್ದಾರಿಯ ಆಚೆ ಬದಿಯಿಂದ ಹೆಂಗಸೊಬ್ಬರು ‘ನರಸಿಂಹಾ...’ ಎಂದು ಕೂಗಿದರು. ಆಟೋ ಚಾಲಕನೊಬ್ಬ ತಲೆ ಹೊರಗೆ ಹಾಕಿದ. ಶಾಲೆಯ ಚೀಲ ಹೊತ್ತಿದ್ದ ಹುಡುಗ ತಿರುಗಿದ. ನಮ್ಮ ಪಕ್ಕ ಕುಳಿತಿದ್ದ, ಎಪ್ಪತ್ತು ದಾಟಿದ ಹಿರಿಯರೂ ಕತ್ತು ಹೊರಳಿಸಿದರು. ಆಕೆ ಕರೆದದ್ದು ಹುಡುಗನನ್ನು. ಅವನು ಬುತ್ತಿ ಮರೆತು ಬಂದಿದ್ದ. ಹಿರಿಯರು ನಮ್ಮತ್ತ ನೋಡಿ ನಕ್ಕರು. ‘ನನ್ನ್ ಕರ್ದದ್ದ್ ಅಲ್ಲ ಮಾರಾಯ್ರೆ, ಆರೂ ತಿರ್ಗದೆ ಇಪ್ಪುಕ್ ಆತಿಲ್ಲೆ’ ಎಂದರು.

ಒಂದು ಕೂಗಿಗೆ ಮೂರು ತಲೆ ತಿರುಗುವ ಊರು ಅದು. ಅದಕ್ಕೆ ಕಾರಣ ಹೆದ್ದಾರಿಯ ಪಕ್ಕದಲ್ಲೇ ಇದೆ. ಬ್ರಹ್ಮಾವರಕ್ಕೂ ಕೋಟಕ್ಕೂ ನಡುವಿನ ಈ ಊರಿನ ದೇವರು ಗುರು ನರಸಿಂಹ. ಕೋಟ ಬ್ರಾಹ್ಮಣರಿಗೆ ಮಠವಿಲ್ಲ, ಪೀಠದ ಮೇಲೆ ಕುಳಿತ ಸ್ವಾಮಿಗಳಿಲ್ಲ. ಅವರಿಗೆ ದೇವರೇ ಗುರು. ಹದಿನಾಲ್ಕು ಗ್ರಾಮಗಳ ಆ ಸಮುದಾಯ ತನ್ನನ್ನು ಕೂಟ ಮಹಾಜಗತ್ತು ಎಂದು ಕರೆದುಕೊಳ್ಳುತ್ತದೆ. ನಮ್ಮ ಮಟ್ಟಿಗೆ ಇಲ್ಲಿ ಗಮನಿಸಬೇಕಾದ್ದು ಇನ್ನೊಂದು. ಪುರಾಣದ ನರಸಿಂಹ ಕಂಬ ಒಡೆದು ಬಂದವನು, ಹೊಸ್ತಿಲ ಮೇಲೆ ಕುಳಿತು ಹಿರಣ್ಯಕಶಿಪುವಿನ ಹೊಟ್ಟೆ ಬಗೆದವನು. ಸಾಲಿಗ್ರಾಮದಲ್ಲಿ ಅವನು ಯೋಗಾಸನದಲ್ಲಿ ಕುಳಿತಿದ್ದಾನೆ. ಎರಡೇ ಕೈ, ಒಂದರಲ್ಲಿ ಶಂಖ, ಒಂದರಲ್ಲಿ ಚಕ್ರ. ಸಿಂಹವನ್ನು ಕೂರಿಸಿ, ಸಮಾಧಾನಪಡಿಸಿ, ಮೇಷ್ಟರನ್ನಾಗಿ ಮಾಡಿದ್ದಾರೆ ಊರಿನವರು!

ಚಿಕ್ಕಂದಿನಲ್ಲಿ ನಾವು ಕಂಡ ನರಸಿಂಹ ಬೇರೆ. ಊರಿಗೆ ಮೇಳ ಬಂದರೆ ಡೇರೆಯ ಹೊರಗಿನ ಕಡಲೆಕಾಯಿಯವನ ಜೊತೆ ನುಸುಳಿ ಒಳಗೆ ಹೋಗುತ್ತಿದ್ದೆವು. ‘ಪ್ರಹ್ಲಾದ ಚರಿತ್ರೆ’ಯಲ್ಲಿ ಕಂಬ ಒಡೆಯುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಮರುದಿನ ಉರ್ದು ಶಾಲೆಯಲ್ಲಿ ಉಸ್ತಾದರು ‘ನಿನ್ನೆ ರಾತ್ರಿ ಎಲ್ಲಿದ್ದಿರಿ?’ ಎಂದು ಕೇಳಿದಾಗ ಆ ಕಂಬವೇ ಮತ್ತೆ ಒಡೆದ ಹಾಗಾಗುತ್ತಿತ್ತು.

ಊರುಗಳಿಗೂ ಹೆಸರಿನ ಜೊತೆಗಾರರಿರುತ್ತಾರೆ. ಮೈಸೂರು ಜಿಲ್ಲೆಯಲ್ಲಿ ಕೃಷ್ಣರಾಜನಗರದ ಸಮೀಪ ಇನ್ನೊಂದು ಸಾಲಿಗ್ರಾಮವಿದೆ. ರಾಮಾನುಜಾಚಾರ್ಯರು ಬಂದಿದ್ದರೆಂದು ಹೇಳುವ ಊರದು. ಅಲ್ಲಿಯೂ ಯೋಗಾನರಸಿಂಹನ ಗುಡಿಯಿದೆ. ಎರಡು ಊರಿಗೂ ಒಂದೇ ಹೆಸರು, ಒಂದೇ ದೇವರು; ಮಧ್ಯೆ ಪಶ್ಚಿಮ ಘಟ್ಟ. ಅಲ್ಲಿಗೆ ಬರೆದ ಕಾಗದ ಇಲ್ಲಿಗೆ ಬಂದದ್ದೂ ಉಂಟಂತೆ.

ಹೆಸರು ಒಂದೇ, ಮನುಷ್ಯರು ಹಲವರು. ಇತಿಹಾಸವನ್ನು ಈ ತುದಿಯಿಂದ ಹಿಡಿದು ನೋಡಿದರೆ ಏನು ಕಾಣುತ್ತದೆ ಎಂಬ ಕುತೂಹಲ ನಮಗೆ ಹುಟ್ಟಿದ್ದು ಆ ಬಸ್ ನಿಲ್ದಾಣದಲ್ಲಿ.

ಹೆಸರುಗಳು ನಮ್ಮಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿಯುತ್ತವೆ. ಅಪ್ಪನದ್ದು ಮಗನಿಗೆ ಬರುವುದು ಕಡಿಮೆ. ಹೆಂಡತಿ ಮಾವನ ಹೆಸರು ಹಿಡಿದು ಕರೆಯಬಾರದು ಎಂದು ಮೊಮ್ಮಗನನ್ನು ‘ಮಾಣಿ’, ‘ಅಪ್ಪು’ ಎಂದೆಲ್ಲ ಕರೆಯುವ ಪದ್ಧತಿ ಅದರ ಜೊತೆಗೇ ಬಂತು. ಕೋಟದಲ್ಲಿ ಹುಟ್ಟಿ, ಸಾಲಿಗ್ರಾಮದಲ್ಲಿ ಮುಪ್ಪಿನ ವರ್ಷಗಳನ್ನು ಕಳೆದ ಶಿವರಾಮ ಕಾರಂತರು 1940ರ ದಶಕದ ಆರಂಭದಲ್ಲಿ ಬರೆದ ‘ಮರಳಿ ಮಣ್ಣಿಗೆ’ಯನ್ನು ನೆನೆಯಿರಿ. ಕಡಲಿಗೂ ಹೊಳೆಗೂ ನಡುವಿನ ಕೋಡಿ ಎಂಬ ಹಳ್ಳಿ. ಅಲ್ಲಿನ ರಾಮ ಐತಾಳ, ಅವನ ಮಗ ಲಚ್ಚ, ಲಚ್ಚನ ಮಗ ಮತ್ತೆ ರಾಮ. ನಡುವಿನವನು ಮನೆ ಹಾಳು ಮಾಡಿದ. ಮೊಮ್ಮಗ ಮದ್ರಾಸು, ಬೊಂಬಾಯಿ ಸುತ್ತಿ ಅಜ್ಜನ ಮಣ್ಣಿಗೆ ಮರಳಿದ. ಅಜ್ಜನ ಹೆಸರು ಮೊಮ್ಮಗನಿಗೆ ಬಂದದ್ದು ಅಲ್ಲಿ ಬರೀ ಪದ್ಧತಿಯಲ್ಲ. ಕಾದಂಬರಿಯ ಬೆನ್ನುಮೂಳೆಯೇ ಅದು.

ನಮ್ಮ ಮನೆಗಳಲ್ಲೂ ಇದೇ ಕತೆ. ಒಂದೇ ಅಂಗಳದಲ್ಲಿ ದೊಡ್ಡ ಹೈದರ್, ಸಣ್ಣ ಹೈದರ್ ಇರುವುದು ಹೊಸದಲ್ಲ. ಕುಂದಾಪುರದ ಕಡೆಯ ನಾಲಿಗೆಯಲ್ಲಿ ಇಬ್ಬರೂ ‘ಐದ್ರ್ ಸಾಯ್ಬ್ರು’. ಹೈದರ್ ಅಂದರೆ ಸಿಂಹ. ಅಸದ್ ಅಂದರೂ ಸಿಂಹ, ಗಝನ್ಫರ್ ಅಂದರೂ ಸಿಂಹ. ಅರಬರು ಕುದುರೆ, ಒಂಟೆ, ಸಿಂಹಗಳಿಗೆ ಹೆಸರಿಡುವುದರಲ್ಲಿ ಜಿಪುಣರಲ್ಲ. ಹಝ್ರತ್ ಅಲಿ(ರ) ಅವರಿಗೆ ಈ ಹೆಸರು ಬಂದ ಬಗೆ ನಮ್ಮ ಕೋಟದವರ ಮನೆಯ ಕತೆಯಂತೆಯೇ ಇದೆ. ಅವರ ತಾಯಿ ಫಾತಿಮಾ ಬಿಂತ್ ಅಸದ್. ಮಗು ಹುಟ್ಟಿದಾಗ ತಂದೆ ಅಬೂತಾಲಿಬ್ ಊರಲ್ಲಿರಲಿಲ್ಲ. ತಾಯಿ ತನ್ನ ತಂದೆ ಅಸದ್‌ರ ಹೆಸರನ್ನೇ, ಅಂದರೆ ಸಿಂಹ ಎಂಬ ಹೆಸರನ್ನೇ, ಮಗುವಿಗಿಟ್ಟರು. ಅಬೂತಾಲಿಬ್ ಬಂದವರು ಅಲಿ ಎಂದು ಕರೆದರು. ವ್ಯಾಖ್ಯಾನಕಾರರು ಹೇಳುವ ಮಾತಿದು. ಮುಂದೆ 628ರಲ್ಲಿ ಖೈಬರ್‌ನ ಕೋಟೆಯೆದುರು ಎದುರಾಳಿಗೆ ತನ್ನ ಗುರುತು ಹೇಳುವಾಗ ಅಲಿ(ರ) ನೆನೆದದ್ದು ತಂದೆಯಿಟ್ಟ ಹೆಸರನ್ನಲ್ಲ, ತಾಯಿ ಇಟ್ಟ ಹೈದರ್ ಎಂಬ ಹೆಸರನ್ನು.

ಅರಮನೆಗಳಲ್ಲೂ ಹೆಸರು ಹೀಗೆಯೇ ಒಂದು ತಲೆಮಾರು ಹಾರಿ ಇಳಿಯುತ್ತಿತ್ತು. ಹೊಯ್ಸಳರ ವಂಶಾವಳಿಯನ್ನು ಬಾಯಿಪಾಠ ಮಾಡಿದ ಎಲ್ಲರಿಗೂ ಒಂದು ತಲೆನೋವು ನೆನಪಿರಬೇಕು. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹ. ಅವನ ಮಗ ಇಮ್ಮಡಿ ಬಲ್ಲಾಳ. ಬಲ್ಲಾಳನ ಮಗ ಎರಡನೆಯ ನರಸಿಂಹ. ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಗ ಮೂರನೆಯ ನರಸಿಂಹ. ಅವನ ಮಗ ಮತ್ತೆ ಬಲ್ಲಾಳ, ಮುಮ್ಮಡಿ. ಪರೀಕ್ಷೆಯಲ್ಲಿ ನಾವು ಸೋಮೇಶ್ವರನನ್ನು ಎರಡು ಸಲ ಬರೆದು ಒಬ್ಬ ನರಸಿಂಹನನ್ನು ಕೈಬಿಟ್ಟಿದ್ದೆವು. ಇದು ಅಜ್ಜ ಮೊಮ್ಮಗನ ಲೆಕ್ಕ ಎಂದು ಯಾರಾದರೂ ಅಂದು ಹೇಳಿಕೊಟ್ಟಿದ್ದರೆ ಮರೆಯುತ್ತಲೇ ಇರಲಿಲ್ಲ. ಒಂದನೆಯವನ ಮೊಮ್ಮಗ ಎರಡನೆಯವನು, ಎರಡನೆಯವನ ಮೊಮ್ಮಗ ಮೂರನೆಯವನು. ಹಳೇಬೀಡಿನ ಅರಮನೆಯಲ್ಲಿ ನಡೆದದ್ದೂ ಕೋಡಿಯ ಐತಾಳರ ಮನೆಯಲ್ಲಿ ನಡೆದದ್ದೂ ಒಂದೇ.

ಒಂದೇ ಹೆಸರಿನವರನ್ನು ಬಿಡಿಸಿ ಹೇಳುವುದು ಹಳೆಯ ಕಾಲದಲ್ಲಿ ದೊಡ್ಡ ವಿದ್ಯೆಯಾಗಿತ್ತು. ಹದೀಸ್ ವಿದ್ವಾಂಸರಿಗೆ ಇದು ಪ್ರಾಣದ ಪ್ರಶ್ನೆ. ಪ್ರವಾದಿ(ಸ) ಅವರ ಮಾತೊಂದನ್ನು ಇಂಥವರಿಂದ ಇಂಥವರು ಕೇಳಿದರು ಎಂಬ ಸರಪಳಿಯಲ್ಲಿ ಒಂದು ಹೆಸರು ಬರುತ್ತದೆ. ಅದೇ ಹೆಸರಿನ ಇಬ್ಬರಿದ್ದು, ಒಬ್ಬರು ನಂಬಬಹುದಾದವರು, ಇನ್ನೊಬ್ಬರು ಅಲ್ಲ ಎಂದಾದರೆ? ಬಗ್ದಾದಿನ ವಿದ್ವಾಂಸ, 1071ರಲ್ಲಿ ತೀರಿಕೊಂಡ ಖತೀಬ್ ಅಲ್ ಬಗ್ದಾದಿ ಇದಕ್ಕೆಂದೇ ಒಂದು ಗ್ರಂಥ ಬರೆದರು. ‘ಅಲ್ ಮುತ್ತಫಿಕ್ ವಲ್ ಮುಫ್ತರಿಕ್’ ಎಂದು ಅದರ ಹೆಸರು. ಹೆಸರಿನಲ್ಲಿ ಒಂದಾದವರು, ವ್ಯಕ್ತಿಯಾಗಿ ಬೇರೆಯಾದವರು ಎಂದು ಅರ್ಥ. ಅವರ ನಂತರ ಬಂದ ಇಬ್ನ್ ಸಲಾಹ್ ಇದಕ್ಕೆ ಉದಾಹರಣೆಯಾಗಿ ಖಲೀಲ್ ಇಬ್ನ್ ಅಹ್ಮದ್ ಎಂಬ ಒಂದೇ ಹೆಸರಿನ ಆರು ಮಂದಿಯನ್ನು ಸಾಲಾಗಿ ನಿಲ್ಲಿಸಿದರು. ತಂದೆಯ ಹೆಸರೂ ಒಂದೇ! ಆ ಆರರಲ್ಲಿ ಮೊದಲನೆಯವರು ಅರಬಿ ಛಂದಸ್ಸನ್ನು ಕಟ್ಟಿದ ಬಸ್ರಾದ ಖಲೀಲ್.

ಕನ್ನಡದಲ್ಲಿ ಈ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಆರ್. ನರಸಿಂಹಾಚಾರ್ಯರದು (1860–1936). ಅವರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907ರಿಂದ 1929ರವರೆಗೆ ಹೊರಬಂದವು. ಓಲೆಗರಿಯಲ್ಲಿ ಬರೀ ‘ನಾಗವರ್ಮ’ ಎಂದಿರುತ್ತದೆ. ಯಾವ ನಾಗವರ್ಮ? ‘ಛಂದೋಂಬುಧಿ’ ಬರೆದವನೋ, ‘ಕಾವ್ಯಾವಲೋಕನ’ ಬರೆದವನೋ? ಒಬ್ಬನೆಂದು ತಿಳಿದರೆ ಇಬ್ಬರ ಕಾಲವೂ ಕೆಡುತ್ತದೆ. ಹಾಗಾಗಿ ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ. ಅರಬಿಯಲ್ಲಿ ಛಂದಸ್ಸು ಕಟ್ಟಿದವರಿಗೂ ಹೆಸರಿನ ಜೊತೆಗಾರರು, ಕನ್ನಡದಲ್ಲಿ ಛಂದಸ್ಸು ಬರೆದವನಿಗೂ ಹೆಸರಿನ ಜೊತೆಗಾರ. ಗಣ, ಮಾತ್ರೆ ಎಣಿಸುವವರ ಹಣೆಬರಹವೇ ಅದೋ ಏನೋ! ಕವಿಗಳ ಹೆಸರು ಬಿಡಿಸಿದ ನರಸಿಂಹಾಚಾರ್ಯರೇ ಮುಂದೆ ಹೆಸರಿನ ಗೊಂದಲಕ್ಕೆ ಸಿಕ್ಕಿದರು. ‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ (1906–1971) ಇನ್ನೊಬ್ಬರು. ಇಬ್ಬರೂ ಹಳಗನ್ನಡದ ದಿಗ್ಗಜರು. ವಿದ್ಯಾರ್ಥಿಗಳು ಇವರ ಪುಸ್ತಕವನ್ನು ಅವರ ಹೆಸರಿಗೆ ಹಾಕುವುದು ಇಂದಿಗೂ ಉಂಟು.

ಜಪಾನೀಯರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ‘ರಾಶೋಮಾನ್’ ಚಿತ್ರದ ಅಕಿರ ಕುರೊಸಾವ, 2010ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಅಕಿರ ಸುಝುಕಿ, 2019ರಲ್ಲಿ ಅದೇ ನೊಬೆಲ್ ಪಡೆದ ಅಕಿರ ಯೊಶಿನೊ, ಮೂವರ ಹೆಸರೂ ಕಿವಿಗೆ ಒಂದೇ. ಬರೆಯುವಾಗ ಮೂವರದೂ ಬೇರೆ ಬೇರೆ ಅಕ್ಷರ. ಅಲ್ಲಿ ಕಣ್ಣು ಬಿಡಿಸುತ್ತದೆ, ಕಿವಿ ಕೂಡಿಸುತ್ತದೆ. ನಮ್ಮಲ್ಲಿ ಇದಕ್ಕೆ ತಿರುಗುಮುರುಗು. ಒಂದೇ ನರಸಿಂಹ ಊರೂರಿಗೆ ನರಸ, ನರಸಪ್ಪ, ನರಸಯ್ಯ, ನರಸಿಂಗ, ನರಸಿ ಆಗುತ್ತಾನೆ. ಬೀದರ್ ಕಡೆ ನರಸಿಂಗ. ಬಹಮನಿ ಸುಲ್ತಾನರ ಆ ರಾಜಧಾನಿಯ ಅಂಚಿನಲ್ಲಿ ಗುಹೆಯೊಳಗೆ ನೀರಲ್ಲಿ ನಡೆದು ಹೋಗಿ ನೋಡಬೇಕಾದ ಝರಣಿ ನರಸಿಂಹನಿದ್ದಾನೆ. ಅದೇ ಊರಿನ ಕೋಟೆಯ ಶರ್ಝಾ ದರ್ವಾಝಾದ ಮೇಲೆ ಕಲ್ಲಲ್ಲಿ ಕೆತ್ತಿದ ಎರಡು ಮೃಗಗಳಿವೆ. ಹುಲಿ ಎನ್ನಿ, ಸಿಂಹ ಎನ್ನಿ.

ಇನ್ನು ದೊರೆಗಳಿಗೆ ಬರೋಣ. ಕನ್ನಡಿಗರು ಈ ಹೆಸರನ್ನು ಮೊದಲು ಕೇಳಿ ಬೆಚ್ಚಿದ್ದು ಬಹುಶಃ 642ರಲ್ಲಿ. ಹರ್ಷನನ್ನೇ ತಡೆದ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದವನು ಪಲ್ಲವರ ನರಸಿಂಹವರ್ಮ. ‘ವಾತಾಪಿಕೊಂಡ’ ಎಂದು ಬಿರುದು ಹಾಕಿಕೊಂಡ. ನಮ್ಮ ರಾಜಧಾನಿಯನ್ನು ಸುಟ್ಟವನ ಹೆಸರು ಎಂದು ಇಲ್ಲಿ ಯಾರೂ ಆ ಹೆಸರನ್ನು ಬಿಡಲಿಲ್ಲ. ಆರು ನೂರು ವರ್ಷಗಳ ಮೇಲೆ ಹೊಯ್ಸಳರ ಎರಡನೆಯ ನರಸಿಂಹ ತಮಿಳುನಾಡಿಗೆ ಹೋದದ್ದು ಸೆರೆಸಿಕ್ಕ ಚೋಳ ದೊರೆಯನ್ನು ಬಿಡಿಸಲು. ಅವನ ಬಿರುದು ‘ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ’. ಒಬ್ಬ ನರಸಿಂಹ ಅತ್ತಣಿಂದ ಬಂದು ರಾಜ್ಯ ಕೆಡವಿದ, ಇನ್ನೊಬ್ಬ ಇತ್ತಣಿಂದ ಹೋಗಿ ರಾಜ್ಯ ನಿಲ್ಲಿಸಿದ.

ವಿಜಯನಗರದಲ್ಲಂತೂ 1485ರಿಂದ 1509ರವರೆಗಿನ ಇಪ್ಪತ್ತೈದು ವರ್ಷದಲ್ಲಿ ನಾಲ್ವರು. ಸಿಂಹಾಸನವನ್ನು ಕೈಗೆ ತೆಗೆದುಕೊಂಡ ಸಾಳುವ ನರಸಿಂಹ, ಅವನ ಮಗ ಇಮ್ಮಡಿ ನರಸಿಂಹ, ಆ ಮಗನ ಹೆಸರಿನಲ್ಲಿ ರಾಜ್ಯವಾಳಿದ ತುಳುವ ನರಸ ನಾಯಕ, ನರಸ ನಾಯಕನ ಮಗ ವೀರನರಸಿಂಹ. ಈ ವೀರನರಸಿಂಹನ ತಮ್ಮನೇ ಕೃಷ್ಣದೇವರಾಯ. ಹೊರಗಿನಿಂದ ಬಂದವರಿಗೆ ಇವರನ್ನು ಬಿಡಿಸುವ ತಾಳ್ಮೆಯಿರಲಿಲ್ಲ. ಪೋರ್ಚುಗೀಸರು ಇಡೀ ಸಾಮ್ರಾಜ್ಯವನ್ನೇ ‘ನರ್ಸಿಂಗ’ ಎಂದು ಕರೆದುಬಿಟ್ಟರು. 16ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕರಾವಳಿಯನ್ನು ಬಲ್ಲ ಬಾರ್ಬೋಸಾನ ಬರಹದಲ್ಲಿ ಬಾರಕೂರು ‘ಬಕನೂರು’, ಬಸರೂರು ‘ಬರ್ಸೆಲೋರ್’. ಎರಡೂ ನರ್ಸಿಂಗ ರಾಜ್ಯದ ಬಂದರುಗಳು. ಅಕ್ಕಿ ಒಯ್ಯಲು ಮಲಬಾರಿನಿಂದಲೂ ಹೊರ್ಮುಝ್, ಏಡನ್‌ಗಳಿಂದಲೂ ಹಡಗು ಬರುತ್ತಿದ್ದ ಜಾಗಗಳು. ಈ ಎರಡು ಊರುಗಳ ನಡುವೆ ಇರುವುದೇ ನಮ್ಮ ಸಾಲಿಗ್ರಾಮ. ನರಸಿಂಹನ ಊರು ನರಸಿಂಹನ ರಾಜ್ಯದೊಳಗಿತ್ತು ಅನ್ನಿ. ಇದಕ್ಕೂ ನೂರೆಪ್ಪತ್ತು ವರ್ಷ ಹಿಂದೆ ಬಂದ ಇಬ್ನ್ ಬತೂತಾ ಬಾರಕೂರನ್ನು ‘ಫಾಕನೂರ್’ ಎಂದ. ಅಲ್ಲಿನ ದೊರೆಯನ್ನು ‘ಬಾಸದೇವ್’ ಎಂದ; ವಾಸುದೇವ ಇರಬೇಕು. ಆ ದೊರೆಯ ಮೂವತ್ತು ಯುದ್ಧದ ಹಡಗುಗಳಿಗೆ ಒಬ್ಬ ಮುಸ್ಲಿಮ್ ನಾಯಕನಿದ್ದನೆಂದೂ ಊರಲ್ಲಿ ಕಾಝಿ, ಖತೀಬರು ಇದ್ದರೆಂದೂ ಬರೆದಿಟ್ಟ.

ಸಾಳುವ ನರಸಿಂಹನನ್ನು ನಮ್ಮ ಓದುಗರು ಇನ್ನೊಂದು ಕಾರಣಕ್ಕೂ ತಿಳಿಯಬೇಕು. ಅವನಿಗಿಂತ ಹಿಂದೆ, ವಿರೂಪಾಕ್ಷನ ಕಾಲದಲ್ಲಿ, ಭಟ್ಕಳದ ಮುಸ್ಲಿಮ್ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿನಲ್ಲಿ ಅವರ ಕೊಲೆಗೆ ಅಪ್ಪಣೆಯಾಯಿತು. ಉಳಿದವರು ಗೋವೆಯತ್ತ ಓಡಿದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬರೋಸ್ ಬರೆದಿದ್ದಾನೆ. ಕುದುರೆ ವ್ಯಾಪಾರ ಹಳಿ ತಪ್ಪಿತು. ಅದನ್ನು ಮತ್ತೆ ಹಳಿಗೆ ತಂದವನು ಸಾಳುವ ನರಸಿಂಹ. ಹೇಗೆ ಎಂಬುದನ್ನು ನೂನಿಝ್ ಹೇಳುತ್ತಾನೆ. ಹೊರ್ಮುಝ್, ಏಡನ್‌ಗಳಿಂದ ಬಂದ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದ. ಸಾವಿರ ಪರ್ದಾವ್‌ಗೆ ಮೂರು. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಪೂರ್ತಿ ಬೆಲೆ ಸಿಗುತ್ತಿತ್ತು. ವ್ಯಾಪಾರಿಗಳ ನಂಬಿಕೆ ಒಮ್ಮೆ ಮುರಿದರೆ ಅದನ್ನು ಮರಳಿ ಗಳಿಸಲು ಒಬ್ಬ ದೊರೆ ಕುದುರೆಯ ಬಾಲಕ್ಕೂ ದುಡ್ಡು ಕೊಡಬೇಕಾಗುತ್ತದೆ!

ಮೈಸೂರಿಗೆ ಬಂದರೆ ರಣಧೀರ ಕಂಠೀರವ ನರಸರಾಜ ಒಡೆಯರು (1638–1659). ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಇವರದೇ ಹೆಸರು. ಇವರು ಟಂಕಿಸಿದ ಬೆರಳುಗುರಿನಷ್ಟೂ ಇಲ್ಲದ ಚಿನ್ನದ ‘ಕಂಠೀರಾಯ ಹಣ’ದ ಮೇಲೆ ನರಸಿಂಹನ ಚಿತ್ರವಿದೆ. ದೇವರ ಹೆಸರು ದೊರೆಗೆ ಬಂತು, ದೊರೆಯ ಹೆಸರು ದುಡ್ಡಿಗೆ ಬಂತು. ಶ್ರೀರಂಗಪಟ್ಟಣದಲ್ಲಿ ಇವರು ಕಟ್ಟಿಸಿದ ನರಸಿಂಹನ ಗುಡಿಯಲ್ಲಿ ಇವರ ಮೂರ್ತಿಯೂ ಇದೆ. ಆದರೆ ನಮ್ಮ ಮನಸ್ಸು ನಿಲ್ಲುವುದು ಎರಡನೆಯ ಕಂಠೀರವ ನರಸರಾಜರ ಬಳಿ. ಕಂಠೀರವ ಅಂದರೆ ಸಿಂಹ. ನರಸ ಅಂದರೆ ನರಸಿಂಹ. ಹೆಸರಿನಲ್ಲಿ ಎರಡೆರಡು ಸಿಂಹಗಳನ್ನು ಹೊತ್ತ ಈ ದೊರೆ ಹುಟ್ಟಿನಿಂದಲೇ ಕಿವುಡರೂ ಮೂಕರೂ ಆಗಿದ್ದರು. ಜನ ಅವರನ್ನು ‘ಮೂಕರಸು’ ಎಂದರು. ಚಿಕ್ಕದೇವರಾಜರಂಥ ಗಟ್ಟಿ ಆಳಿನ ಮಗ. 1704ರಿಂದ 1714ರವರೆಗೆ ಹತ್ತು ವರ್ಷ ಪಟ್ಟದಲ್ಲಿದ್ದರು. ತನ್ನ ಹೆಸರನ್ನು ಯಾರೋ ಕೂಗಿದ್ದನ್ನು ಕೇಳದೆ, ತನ್ನ ಹೆಸರನ್ನು ಒಮ್ಮೆಯೂ ಹೇಳದೆ ತೀರಿಕೊಂಡ ಸಿಂಹ. ಕತೆ ಬರೆಯುವವರಾದ ನಮಗೆ ಇಂಥದ್ದನ್ನು ಕಲ್ಪಿಸುವ ಧೈರ್ಯ ಬರುತ್ತಿರಲಿಲ್ಲ.

ಮೂಕರಸು ತೀರಿಕೊಂಡ ಐವತ್ತು ವರ್ಷದೊಳಗೆ ಅದೇ ಶ್ರೀರಂಗಪಟ್ಟಣದ ಅಧಿಕಾರ ಇನ್ನೊಬ್ಬ ಸಿಂಹದ ಕೈ ಸೇರಿತು. ಹೆಸರು ಮಾತ್ರ ಅರಬಿಯದ್ದು. ಹೈದರಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಬಸರೂರು, ಬಾರಕೂರು ಸಹಿತ ಈ ಕರಾವಳಿಯೂ ಅವರಿಗೆ ಬಂತು. ಅವರು ಹೊರಡಿಸಿದ ವರಹದ ಒಂದು ಮುಖದಲ್ಲಿ ಇಕ್ಕೇರಿಯ ಹಳೆಯ ಮಾದರಿಯಂತೆ ಶಿವಪಾರ್ವತಿಯರು. ಇನ್ನೊಂದು ಮುಖದಲ್ಲಿ ಒಂದೇ ಒಂದು ಪಾರಸಿ ಅಕ್ಷರ, ಹೈದರ್ ಎಂಬ ಹೆಸರಿನ ಮೊದಲಕ್ಷರ ‘ಹೇ’. ಉರ್ದು ಶಾಲೆಯ ಮಕ್ಕಳು ಹೊಟ್ಟೆ ದೊಡ್ಡ ಮಾಡಿ ಬರೆಯುವ ಆ ಅಕ್ಷರವನ್ನು ಚಿನ್ನದಲ್ಲಿ ನೋಡಿದಾಗ ನಮಗೆ ಕಾಪಿ ಪುಸ್ತಕ ನೆನಪಾಯಿತು. ಜನರ ಕೈಗೆ ರೂಢಿಯಾದ ನಾಣ್ಯದ ಮುಖವನ್ನು ಬದಲಿಸಿದರೆ ಸಂತೆಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ವ್ಯವಹಾರ ಜ್ಞಾನ ಅದು. ಅಷ್ಟಾದರೂ ಇತ್ತಲ್ಲ.

ಮೈಸೂರು ನಗರದಲ್ಲಿ ಎನ್.ಆರ್. ಮೊಹಲ್ಲಾ ಎಂಬ ಬಡಾವಣೆಯಿದೆ. ಸಾವಿರಾರು ಮುಸ್ಲಿಮ್ ಕುಟುಂಬಗಳು ತಲೆಮಾರುಗಳಿಂದ ಬದುಕಿದ ಜಾಗ. ಎನ್.ಆರ್. ಅಂದರೆ ನರಸಿಂಹರಾಜ; ಜಯಚಾಮರಾಜ ಒಡೆಯರ ತಂದೆ, ಯುವರಾಜರಾಗಿಯೇ 1940ರಲ್ಲಿ ತೀರಿಕೊಂಡ ಕಂಠೀರವ ನರಸಿಂಹರಾಜ ಒಡೆಯರು. ಮೊಹಲ್ಲಾ ಅರಬಿಯಿಂದ ಬಂದ ಮಾತು. ಅಲ್ಲಿಯ ಮಕ್ಕಳು ವಿಳಾಸ ಬರೆಯುವಾಗ ಹತ್ತು ಅವತಾರದಲ್ಲಿ ಒಂದನ್ನು ದಿನವೂ ಬರೆಯುತ್ತಾರೆ. ಯಾರಿಗೂ ಅದು ತೊಡಕೆನಿಸಿದ್ದಿಲ್ಲ.

ಹೆಸರಿನ ಜೊತೆಗಾರ ಕಾಟವಾದ ಒಂದು ಕತೆ ಉರ್ದುವಿನಲ್ಲಿ ಪ್ರಸಿದ್ಧ. ಮಿರ್ಝಾ ಅಸದುಲ್ಲಾ ಖಾನ್ ಎಂಬ ತರುಣ ‘ಅಸದ್’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ. ಅದೇ ಅಂಕಿತದ ಇನ್ನೊಬ್ಬ ಕವಿಯೂ ಇದ್ದ. ಒಮ್ಮೆ ಯಾರೋ ಬಂದು ‘ನಿಮ್ಮ ದ್ವಿಪದಿ ಬಹಳ ಚೆನ್ನಾಗಿದೆ’ ಎಂದು ಒಂದು ಜಾಳು ಪದ್ಯ ಓದಿದರಂತೆ. ಅದು ಆ ಇನ್ನೊಬ್ಬನದು. ಮಿರ್ಝಾಗೆ ಮೈ ಉರಿಯಿತು. ‘ಅಸದ್’ ಬಿಟ್ಟು ‘ಗಾಲಿಬ್’ ಆದ. ಹಳೆಯ ಅಂಕಿತ ಅವನ ಕೆಲವು ಗಝಲುಗಳಲ್ಲಿ ಹಾಗೆಯೇ ಉಳಿದಿದೆ. ಇನ್ನೊಬ್ಬ ಸಿಂಹ ಹೊಕ್ಕಿದ್ದಕ್ಕೆ ಈ ಸಿಂಹ ಗುಹೆಯನ್ನೇ ಬಿಟ್ಟು ಹೋಯಿತು. ಉರ್ದುವಿಗೆ ಲಾಭವೇ ಆಯಿತು.

ಕನ್ನಡದ ನರಸಿಂಹರು ಯಾರೂ ಹೆಸರು ಬಿಡಲಿಲ್ಲ. ಆ ಹೆಸರಿನ ಗರ್ಜನೆಯನ್ನು ಮಾತ್ರ ಬಿಟ್ಟರು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ ‘ಮೈಸೂರು ಮಲ್ಲಿಗೆ’ ತಂದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ನಗುವುದೂ ಕಾವ್ಯವಾಗಬಹುದು ಎಂದು ತೋರಿಸಿದ ಪುಸ್ತಕ. ದೇಶ ಜೈಲು ತುಂಬುತ್ತಿದ್ದ ವರ್ಷ ಅದು. ಅದೇ 1942ರಲ್ಲಿ ಜೈಲಿಗೆ ಹೋದ ಇನ್ನೊಬ್ಬ ನರಸಿಂಹ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಬಡ ಮನೆಯ ಹುಡುಗ, ಅಮೆರಿಕದ ಓಹಿಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, ಮದುವೆಯಾಗದೆ, ಖಾದಿ ಉಟ್ಟು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರನ್ನು ಪರೀಕ್ಷೆಗೆ ಕರೆದರು. ಕಂಬದಿಂದ ಹೊರಬಂದ ದೇವರ ಹೆಸರನ್ನಿಟ್ಟುಕೊಂಡು, ಗಾಳಿಯಿಂದ ವಿಭೂತಿ ಬರುವುದನ್ನು ತೋರಿಸಿ ಎಂದವರು! ಅಪ್ಪ ಅಮ್ಮ ಹೆಸರಿಡಬಹುದು. ಮುಂದಿನದ್ದು ಮಗುವಿನ ಕೈಯಲ್ಲಿದೆ.

ಯೋಗಾನರಸಿಂಹನ ಬೆಟ್ಟದ ಕೆಳಗೆ ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ (1905–1998) ಗೋಕುಲವನ್ನು ಬರೆದರೇ ಹೊರತು ಉಗ್ರನನ್ನಲ್ಲ. ತಿಪಟೂರಿನ ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು 1979ರಲ್ಲಿ ತೀರಿಕೊಳ್ಳುವವರೆಗೆ ಉಬ್ಬು ಹಲ್ಲು, ಬಡಕಲು ಮೈ ಇಟ್ಟುಕೊಂಡು ಕನ್ನಡ ನಾಡನ್ನು ನಗಿಸಿದರು. ಗುಜರಾತಿನಲ್ಲಿ 15ನೆಯ ಶತಮಾನದ ನರಸಿ ಮೆಹ್ತಾ. ಪರರ ನೋವನ್ನು ಬಲ್ಲವನೇ ಭಕ್ತ ಎಂಬ ಅರ್ಥದ ಅವರ ಭಜನೆ ಗಾಂಧೀಜಿಗೆ ಬಲು ಇಷ್ಟ. ಸಾಲಿಗ್ರಾಮದವರು ಸಿಂಹವನ್ನು ಕೂರಿಸಿದ್ದು ಇಲ್ಲಿ ನೆನಪಾಗುತ್ತದೆ.

ಆದರೆ ಒಂದು ಹೆಸರಿನ ಎಲ್ಲರನ್ನೂ ನೆನೆಯುತ್ತೇವೆ ಎಂದ ಮೇಲೆ ಇಷ್ಟವಾದವರನ್ನಷ್ಟೇ ಆರಿಸಿಕೊಳ್ಳುವಂತಿಲ್ಲ. ಪಿ.ವಿ. ನರಸಿಂಹರಾಯರು ಹತ್ತಾರು ಭಾಷೆ ಬಲ್ಲವರು. ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’ ಕಾದಂಬರಿಯನ್ನು ತೆಲುಗಿನಿಂದ ಹಿಂದಿಗೆ ತಂದ ಪಂಡಿತರು. 1991ರಲ್ಲಿ ಮುಳುಗುತ್ತಿದ್ದ ದೇಶದ ಆರ್ಥಿಕತೆಯನ್ನು ದಡಕ್ಕೆ ತಂದವರು ಎಂಬ ಹೆಸರು ಅವರಿಗಿದೆ. 2024ರಲ್ಲಿ ಭಾರತರತ್ನವೂ ಬಂತು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳುವಾಗ ಪ್ರಧಾನಿಯ ಕುರ್ಚಿಯಲ್ಲಿದ್ದವರೂ ಅವರೇ. ಆ ಹೊತ್ತು ಕೈಕಟ್ಟಿ ಕುಳಿತರೆಂಬ ದೂರು ಅವರ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಸಿಂಹ ಕುಳಿತಿರುವುದು ಯಾವಾಗಲೂ ಯೋಗವೇ ಆಗಿರುವುದಿಲ್ಲ.

ಈಗ ಹೆಸರು ಕೇಳುವ ರೀತಿಯೂ ಬದಲಾಗಿದೆ. 2022ರ ಮಾರ್ಚಿನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರುಗಳು ಎದ್ದವು. ನಮಗೆ ಗುರುತಿನ ಬಳೆಗಾರರೊಬ್ಬರು ಆ ವರ್ಷ ಒಂದು ಜಾತ್ರೆಗೆ ಹೋದರು. ಊರಿನ ಹೆಸರು ಬೇಡ. ಅಪ್ಪನ ಕಾಲದಿಂದ ಹೋಗುತ್ತಿದ್ದ ಜಾತ್ರೆ. ಹಗ್ಗ ಕಟ್ಟಿ ಗಾಜಿನ ಬಳೆ ಜೋಡಿಸುವಷ್ಟರಲ್ಲಿ ಒಬ್ಬ ಹುಡುಗ ಬಂದು ಹೆಸರೇನು ಎಂದು ಕೇಳಿದ. ಇವರು ಹೇಳಿದರು. ಹುಡುಗ ಮುಖ ಕೆಳಗೆ ಹಾಕಿ, ‘ಈ ಸರ್ತಿ ಬ್ಯಾಡ ಸಾಯ್ಬ್ರೇ’ ಎಂದ. ಕಳೆದ ವರ್ಷ ಅವನ ತಾಯಿಗೂ ತಂಗಿಗೂ ಇವರೇ ಕೈಹಿಡಿದು ಬಳೆ ತೊಡಿಸಿದ್ದರು. ಬಳೆಗಳನ್ನು ಮತ್ತೆ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಲು ಹುಡುಗನೇ ನೆರವಾದನಂತೆ. ಬಳೆಗಾರರ ಹೆಸರಿನ ಅರ್ಥ ಸಿಂಹ. ಹುಡುಗನ ಹೆಸರಿನಲ್ಲೂ ಸಿಂಹವಿತ್ತು. ಇದನ್ನು ಅವರು ನಮಗೆ ಹೇಳಿದ್ದು ದೂರಾಗಿ ಅಲ್ಲ, ಎಷ್ಟು ಬಳೆ ಒಡೆದವು ಎಂಬ ಲೆಕ್ಕದ ನಡುವೆ.

ಹೆಣ್ಣಿನ ಹೆಸರಿಲ್ಲದೆ ಈ ಪಟ್ಟಿ ಮುಗಿಯಬಾರದು. ನರಸಿಂಹ ಹೆಣ್ಣಾದಾಗ ನರಸಮ್ಮ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಓದುಬರಹ ಬಾರದ ಒಬ್ಬ ನರಸಮ್ಮ ಇದ್ದರು. ಎಳೆ ವಯಸ್ಸಿನಲ್ಲಿ ಅಜ್ಜಿಯ ಜೊತೆ ಹೋಗಿ ಸೂಲಗಿತ್ತಿಯ ಕೆಲಸ ಕಲಿತರು. ಏಳು ದಶಕ ಅದನ್ನೇ ಮಾಡಿದರು. ಆಸ್ಪತ್ರೆ ದೂರದ ಬಯಲುಸೀಮೆಯ ಹಳ್ಳಿಗಳು ಅವು. ರಾತ್ರಿ ಯಾವ ಹೊತ್ತಿಗೆ ಬಾಗಿಲು ಬಡಿದರೂ ಹೊರಡುತ್ತಿದ್ದರು, ಕಾಸು ಕೇಳುತ್ತಿರಲಿಲ್ಲ. ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಯಾವ ಕಡೆಗಿದೆ, ನಾಡಿ ಹೇಗಿದೆ ಎಂದು ಹೇಳುತ್ತಿದ್ದರಂತೆ. ಅವರ ಕೈಯಲ್ಲಾದ ಹೆರಿಗೆ 15 ಸಾವಿರಕ್ಕೂ ಹೆಚ್ಚು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ವಯಸ್ಸು 98. ‘ಸೂಲಗಿತ್ತಿ’ ಎಂಬುದನ್ನು ಜನ ಅವರ ಹೆಸರಿನ ಮುಂದೆ ಸೇರಿಸಿಬಿಟ್ಟಿದ್ದರು. ಹಾಗಾಗಿ ಆ ಸೀಮೆಯಲ್ಲಿ ಯಾವ ನರಸಮ್ಮ ಎಂದು ಯಾರೂ ಕೇಳಬೇಕಾಗಿರಲಿಲ್ಲ.